ಆ ಫೋನ್ ಯಾಕೆ ಹಚ್ಚಿದೆ?

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಎರಡು ದಿನ ಮುಂಚೆ, ಗೆಳೆಯನ ಕಾರಿನಲ್ಲಿ ಬೆಂಗಳೂರಿಂದ ಶಹಾಪುರ ತಾಲೂಕಿನ ನಮ್ಮೂರಿಗೆ ಬಂದೆ. ಅವ್ವ ಬಿಸಿ ರೊಟ್ಟಿ ಬಡಿದಳು. ಊರವರು ಬಂದು ಮಾತಾಡಿಸಿಕೊಂಡು ಹೋದರು.

ಮೇ ತಿಂಗಳಲ್ಲಿ ಒಂದು ರಾತ್ರಿ ಪಕ್ಕದ ಮನೆ ಅಣ್ಣ ಹೆಂಡತಿ ಮಕ್ಕಳನ್ನ ಕರಕೊಂಡು ಮುಂಬೈಯಿಂದ ಬಂದ. ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದವರು. ಕೆಮ್ಮು ಕೇಳಿಸಿತು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ. ನಾನು 112ಕ್ಕೆ ಫೋನ್ ಹಚ್ಚಿದೆ.

ನಮ್ಮ ಕಡೆ ಪೊಲೀಸರನ್ನ ಕರೆಸೋದು ಅಂದ್ರೆ ಮರ್ಯಾದೆ ಹೋಗೋ ವಿಷಯ. ಬದುವಿನ ಜಗಳ, ಅಣ್ಣತಮ್ಮರ ಪಾಲು, ಎಲ್ಲಾ ಕಟ್ಟೆ ಮೇಲೆ ಹಿರಿಯರ ಮುಂದೆ ಮುಗೀತಿತ್ತು. ಕೊರೊನಾ ಬಂದ ಮೇಲೆ ಅದೇ ಜನ ಪೊಲೀಸರು ಯಾಕೆ ಬರ್ತಿಲ್ಲ ಅಂತ ಕೇಳತೊಡಗಿದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ ನೋಡಿ: ದೇಶದಲ್ಲಿ ಕಳ್ಳತನದ ಪ್ರಕರಣ 2019ರಲ್ಲಿ 6.75 ಲಕ್ಷ ಇದ್ದದ್ದು 2020ರಲ್ಲಿ 4.93 ಲಕ್ಷಕ್ಕೆ ಇಳಿಯಿತು. ಸರ್ಕಾರಿ ಆದೇಶ ಮೀರಿದ ಪ್ರಕರಣ, ಅಂದ್ರೆ ಐಪಿಸಿ 188, ಸುಮಾರು 29 ಸಾವಿರದಿಂದ 6.12 ಲಕ್ಷಕ್ಕೆ ಏರಿತು. ಇದರಲ್ಲಿ ಎಷ್ಟೋ ಪೊಲೀಸರೇ ರಸ್ತೆಯಲ್ಲಿ ನಿಂತು ಹಾಕಿದ್ದು, ಖರೆ. ನನ್ನಂಥವರು ಮನೇಲಿ ಕೂತು ತೋರಿಸಿಕೊಟ್ಟದ್ದೂ ಇದ್ದೇ ಇರಬೇಕು.

ನನ್ನ ಹೆದರಿಕೆ ಸುಳ್ಳಾಗಿರಲಿಲ್ಲ. ಜೂನ್ ಹೊತ್ತಿಗೆ ರಾಜ್ಯದಲ್ಲಿ ಹೆಚ್ಚು ಪ್ರಕರಣ ಇದ್ದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಬಹುಪಾಲು ಮಹಾರಾಷ್ಟ್ರದಿಂದ ಬಂದವರೇ. ಹಾಗಾದ್ರೆ ಫೋನ್ ಮಾಡಿದ್ದು ತಪ್ಪಾ? ಅದೇ ದಿನಗಳಲ್ಲಿ ಗಂಡನ ಹೊಡೆತ ತಾಳದೆ 112 ಒತ್ತಿದ ಹೆಣ್ಣುಮಕ್ಕಳಿಗೂ ಅದೇ ಪೊಲೀಸರು ಬೇಕಾಗಿದ್ದರು. ಸಹಾಯ ಕೇಳೋದು ತಪ್ಪಲ್ಲ. ಆದ್ರೆ ನಾನು ಯಾರಿಗಾಗಿ ಕೇಳಿದೆ? ಅವನ ಮಗುವಿಗೆ ಜ್ವರ ಇದೆಯಾ, ಊಟ ಆಗಿದೆಯಾ ಅಂತ ಅಲ್ಲ. ಅವರು ಅಲ್ಲಿಂದ ಹೋದರೆ ಸಾಕು ಅಂತ.

ಬೆಳಗ್ಗೆ ಎದ್ದು ಮಾಸ್ಕ್ ಹಾಕ್ಕೊಂಡು, ದೂರ ನಿಂತು ಮಾತಾಡಿಸಬಹುದಿತ್ತು. ಆಶಾ ಕಾರ್ಯಕರ್ತೆಗೆ ಹೇಳಬಹುದಿತ್ತು. ಆಮೇಲೂ ಅವರು ಬೇರೆ ಇರಲೇಬೇಕು ಅಂತಾದ್ರೆ, ನಾನೇ ಫೋನ್ ಮಾಡ್ತೀನಿ ಅಂತ ಮುಖಕ್ಕೇ ಹೇಳಬಹುದಿತ್ತು.

ಅವರನ್ನ ಶಾಲೆಯಲ್ಲಿ ಕ್ವಾರಂಟೈನ್ ಇಟ್ಟರು. ವರದಿ ನೆಗೆಟಿವ್ ಬಂತು. ವಾಪಸ್ ಬಂದ ಮೇಲೂ ಗಿರಣಿಯವನು ಅವರ ಜೋಳ ಬೀಸಿಕೊಡಲಿಲ್ಲ. ಪೊಲೀಸರು ಬಂದು ಕರಕೊಂಡು ಹೋದ ಮನೆ ಅನ್ನೋದೊಂದೇ ಊರಿಗೆ ನೆನಪು. ನಾನು ಆ ಗಿರಣಿಯವನಿಗೆ ಒಂದು ಮಾತು ಹೇಳಲಿಲ್ಲ. ಆಡಿದ್ದರೆ ಕೇಳುತ್ತಿದ್ದ, ನಾನು ಓದಿದವನು. ಫೋನ್ ಮಾಡಿದ್ದಕ್ಕಿಂತ ಇದೇ ಹೆಚ್ಚು ಚುಚ್ಚುತ್ತೆ. ಕರೆ ಮುಗಿದ ಕೂಡಲೇ ನನ್ನ ಜವಾಬ್ದಾರಿಯೂ ಮುಗೀತು ಅಂದುಕೊಂಡಿದ್ದೆ.

ಮಾರ್ಚ್‌ನಲ್ಲಿ ನಾನೂ ಸೋಂಕಿದ್ದ ಊರಿಂದಲೇ ಬಂದಿದ್ದೆ. ನನ್ನ ಮೇಲೆ ಯಾರೂ ಫೋನ್ ಹಚ್ಚಲಿಲ್ಲ. ಆ ಅಣ್ಣನ ಅವ್ವ ಅವತ್ತು ನಮ್ಮನೆಗೆ ಮೊಸರು ಕಳಿಸಿದ್ದಳು.

ಈಗಲೂ ಊರಿಗೆ ಹೋದಾಗ ಅವನು, "ಯಾವಾಗ ಬಂದಿ ತಮ್ಮಾ? ಆರಾಮ ಅದಿಯಿಲ್ಲ?" ಅಂತಾನೆ. ಆರಾಮ ಅದೀನಿ ಅಣ್ಣಾ ಅಂತೀನಿ. ಯಾರು ಫೋನ್ ಮಾಡಿದ್ದು ಅಂತ ಅವನಿಗೆ ಇನ್ನೂ ಹೇಳಿಲ್ಲ.