ಇಲ್ಲದುದನ್ನು ಮಾರುವುದು ಅಧರ್ಮವೆ?

ತನ್ನದಲ್ಲದುದನ್ನು ಮಾರುವವನಲ್ಲಿ ಲೋಕಕ್ಕೆ ಎಂದೂ ವಿಶ್ವಾಸವಿಲ್ಲ. ಷೇರುಪೇಟೆಯ ಶಾರ್ಟ್ ಸೆಲ್ಲಿಂಗ್ ಎಂಬ ವ್ಯವಹಾರವು ಈ ಅವಿಶ್ವಾಸಕ್ಕೆ ಮೊದಲಿನಿಂದಲೂ ಗುರಿಯಾಗಿದೆ. ಬೆಲೆ ಇಳಿಯುವುದೆಂದು ಎಣಿಸಿದವನು ಪರರ ಷೇರನ್ನು ಕಡವಾಗಿ ತಂದು ಇಂದು ಮಾರುವನು. ಇಳಿದ ಬಳಿಕ ಅಗ್ಗಕ್ಕೆ ಕೊಂಡು ಹಿಂದಿರುಗಿಸಿ, ನಡುವಣ ಅಂತರವನ್ನು ಲಾಭವಾಗಿ ಉಳಿಸಿಕೊಳ್ಳುವನು. ಪರರ ನಷ್ಟವನ್ನು ಹಾರೈಸುವ ಈ ಬುದ್ಧಿಯನ್ನು ಶಾಸನದಿಂದ ತಡೆಯಬೇಕೆಂದು ತೋರುವುದು ಸಹಜವೇ. 1610ರಲ್ಲಿ ಡಚ್ಚರ ಸರಕಾರವೂ, 1734ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೂ ಹೀಗೆಯೇ ಎಣಿಸಿ ನಿಷೇಧಗಳನ್ನು ವಿಧಿಸಿದುವು. ಇಂಗ್ಲೆಂಡಿನ ಶಾಸನವು 1860ರಲ್ಲಿ ರದ್ದಾಯಿತು.

ಆದರೆ ಒಂದು ಕಾರ್ಯದ ಗುಣದೋಷವನ್ನು ಅದರ ಹೊರರೂಪದಿಂದಲೇ ನಿರ್ಣಯಿಸಬಹುದೆ? ಈ ಪ್ರಶ್ನೆಗೆ ಅಮೆರಿಕದ 2008ರ ಪ್ರಸಂಗವು ಉತ್ತಮ ನಿದರ್ಶನವಾಗಿದೆ. ಆ ವರ್ಷದ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಸಂಸ್ಥೆಯು ದಿವಾಳಿಯನ್ನು ಸಾರಿತು. ನಾಲ್ಕು ದಿನಗಳ ತರುವಾಯ ಅಲ್ಲಿಯ ಷೇರುಪೇಟೆಯ ನಿಯಂತ್ರಣ ಮಂಡಲಿಯು 799 ಹಣಕಾಸಿನ ಕಂಪೆನಿಗಳ ಷೇರುಗಳಲ್ಲಿ ಶಾರ್ಟ್ ಸೆಲ್ಲಿಂಗನ್ನು ನಿಷೇಧಿಸಿತು. ಆಜ್ಞೆಯು ಅಕ್ಟೋಬರ್ 8ರ ವರೆಗೆ ನಡೆಯಿತು.

ಈ ಏಟು ಬಿದ್ದುದು ಯಾರ ಮೇಲೆ? ಬ್ಯಾಂಕಿನ ಷೇರುಗಳಲ್ಲಿ ಉಳಿತಾಯವನ್ನಿಟ್ಟ ಗೃಹಸ್ಥನೊಬ್ಬನನ್ನು ಭಾವಿಸೋಣ. ಬೆಲೆ ಕುಸಿದರೂ ಗೊತ್ತಾದ ದರಕ್ಕೆ ಮಾರುವ ಹಕ್ಕನ್ನು ಅವನು ಹಣ ತೆತ್ತು ಪಡೆಯಬಹುದು. ಇದಕ್ಕೆ ಪುಟ್ ಆಪ್ಷನ್ ಎಂದು ಹೆಸರು. ಇದು ಒಂದು ಬಗೆಯ ವಿಮೆಯೇ ಸರಿ. ಈ ಹಕ್ಕನ್ನು ಬರೆದುಕೊಡುವ ವರ್ತಕನು ಕುಸಿತದ ಭಾರವನ್ನು ತನ್ನ ತಲೆಗೆ ತಂದುಕೊಳ್ಳುವನು. ಅದನ್ನು ಹಗುರಮಾಡಿಕೊಳ್ಳಲು ಅದೇ ಷೇರನ್ನು ಕಡತಂದು ಮಾರುವನು. ಬೆಲೆ ಇಳಿದರೆ ಒಂದು ಕಡೆಯ ನಷ್ಟವು ಮತ್ತೊಂದು ಕಡೆಯ ಲಾಭದಿಂದ ತುಂಬಿಬರುವುದು. ಇವನು ಯಾರ ಕೇಡನ್ನೂ ಬಯಸಿದವನಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ದಾರಿಯನ್ನು ಮಾಡಿಕೊಂಡವನು. ಆದರೂ ಹೊರನೋಟಕ್ಕೆ ಅವನ ಕೃತ್ಯವೂ ಸಟ್ಟಾಗಾರನ ಕೃತ್ಯವೂ ಒಂದೇ.

ಮಂಡಲಿಯು ಈ ಭೇದವನ್ನು ಅರಿಯದೆ ಇರಲಿಲ್ಲ. ಆಪ್ಷನ್ ವರ್ತಕರಿಗೆ ಮೊದಲು ಅಲ್ಪಾವಧಿಯ ವಿನಾಯಿತಿಯನ್ನಿತ್ತು, ಬಳಿಕ ವಿಸ್ತರಿಸಿತು. ಆದರೆ ಗಿರಾಕಿಯು ಇಳಿತದ ಮೇಲಿನ ತನ್ನ ಪಣವನ್ನು ಹೆಚ್ಚಿಸುತ್ತಿರುವನೆಂದು ತಿಳಿದಿದ್ದರೆ ಮಾರಕೂಡದೆಂದು ಕಟ್ಟುಮಾಡಿತು. ನಿಯಮವು ಬದಲಾಗುತ್ತಿರುವಾಗ ಧೈರ್ಯದಿಂದ ದರ ಹೇಳುವವರು ಯಾರು? ಆ ಷೇರುಗಳ ಆಪ್ಷನ್‌ಗಳಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಅಂತರವು ಬಹಳ ಬೆಳೆಯಿತೆಂದು ಬಟಾಲಿಯೊ ಮತ್ತು ಶುಲ್ಟ್ಸ್ ಎಂಬ ವಿದ್ವಾಂಸರು 2011ರಲ್ಲಿ ತೋರಿಸಿದರು. ಆ ಅಂತರವನ್ನು ತೆತ್ತವರಲ್ಲಿ ರಕ್ಷಣೆಯನ್ನು ಬಯಸಿದ ಗೃಹಸ್ಥನೂ ಸೇರಿರುವನು. ವಾಯಿದೆ ವ್ಯಾಪಾರದ ನ್ಯಾಯವೂ ಇಂಥದೇ. ವಾಯಿದೆಯ ಬೆಲೆ ಅತಿಯಾಗಿ ಇಳಿದಾಗ ಷೇರನ್ನು ಮಾರಿ ವಾಯಿದೆಯನ್ನು ಕೊಳ್ಳುವವರು ಅದನ್ನು ಸಮಕ್ಕೆ ತರುವರು. ಷೇರನ್ನು ಮೊದಲೇ ಹೊಂದಿದವರ ಹೊರತು ಉಳಿದವರ ಕೈಯನ್ನು ಕಟ್ಟಿದರೆ ಆ ವಕ್ರತೆ ಬೇಗ ತಿದ್ದುವುದಿಲ್ಲ. ರಕ್ಷಣೆಗಾಗಿ ವಾಯಿದೆ ಮಾರುವವನಿಗೆ ತಕ್ಕ ಬೆಲೆಯೂ ದೊರೆಯದು.

ಸರಕಾರದ ಪಕ್ಷದಲ್ಲಿಯೂ ಹೇಳತಕ್ಕುದುಂಟು. ಭಯವು ಕಾಳ್ಗಿಚ್ಚಿನಂತೆ ಹಬ್ಬುವಾಗ ಕ್ಷಣಕಾಲ ತಡೆದು ನಿಲ್ಲಿಸುವುದು ರಾಜಧರ್ಮವಲ್ಲವೆ? ಕಡವನ್ನೂ ತಾರದೆ ಮಾರುವವನು ಸಲ್ಲಿಸಲಾರದ ಮಾತನ್ನು ಕೊಡುತ್ತಾನೆ. ಸುಳ್ಳು ಸುದ್ದಿಯಿಂದ ಬೆಲೆ ಕೆಡಿಸುವವನು ವಂಚಕನು. ಇವರಿಬ್ಬರೂ ದಂಡಾರ್ಹರೇ. ಆದರೆ ಕಡತಂದು ಮಾರಿ, ಹೊತ್ತಿಗೆ ಸರಿಯಾಗಿ ಹಿಂದಿರುಗಿಸುವವನಲ್ಲಿ ಅಸತ್ಯವೆಲ್ಲಿದೆ? ನಿನ್ನೆಯ ನಿಯಮವನ್ನು ನಂಬಿ ಹೊಣೆ ಹೊತ್ತವನ ಗುರಾಣಿಯನ್ನು ಇಂದು ಕಸಿದುಕೊಂಡು, ಹೊಣೆಯನ್ನು ಮಾತ್ರ ಅವನ ಮೇಲೆಯೇ ಉಳಿಸುವುದು ನ್ಯಾಯವೆನಿಸದು.

ನಿಷೇಧದ ಕಾಲದಲ್ಲಿಯೂ ಪೇಟೆಯ ಕುಸಿತವು ನಿಲ್ಲಲಿಲ್ಲ. ವೆಚ್ಚವು ಪ್ರಯೋಜನವನ್ನು ಮೀರಿತೆಂದು ಮಂಡಲಿಯ ಅಧ್ಯಕ್ಷ ಕ್ರಿಸ್ಟೊಫರ್ ಕಾಕ್ಸ್ ಅವರೇ ಆ ವರ್ಷದ ಕೊನೆಯಲ್ಲಿ ಒಪ್ಪಿಕೊಂಡರು. ಕೆಟ್ಟ ಸುದ್ದಿ ತಂದವನ ಬಾಯಿ ಕಟ್ಟಿದರೆ ಸುದ್ದಿ ಸುಳ್ಳಾಗುವುದಿಲ್ಲ. ದಂಡನೆಯು ವಂಚನೆಯನ್ನು ಅರಸಿಕೊಂಡು ಹೋಗಬೇಕೇ ಹೊರತು, ವಂಚನೆಯನ್ನು ಹೋಲುವ ಎಚ್ಚರಿಕೆಯನ್ನಲ್ಲ. ಈ ವಿವೇಕವಿಲ್ಲದ ಶಾಸನವು ಸದುದ್ದೇಶದಿಂದ ಹುಟ್ಟಿದರೂ, ತಾನು ಕಾಯಬೇಕಾದವನಿಂದಲೇ ಬೆಲೆಯನ್ನು ವಸೂಲುಮಾಡುವುದು.