ಕಾಡು ಪುಕ್ಕಟೆ, ಗಾಡಿಗೆ ದುಡ್ಡು

ವಾಷಿಂಗ್ಟನ್ ರಾಜ್ಯದಲ್ಲಿ ಚಾರಣದ ಹುಚ್ಚು ಹತ್ತಿದವರ ಕಾರಿನ ಮುಂಗಾಜು ನೋಡಿದರೆ ಸಾಕು, ಆಸಾಮಿ ಎಲ್ಲೆಲ್ಲಿ ಸುತ್ತುತ್ತಾನೆ ಅಂತ ಹೇಳಿಬಿಡಬಹುದು. ಕನ್ನಡಿಗೆ ನೇತುಬಿದ್ದಿರುವುದು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್. ಅದು ಕೇಂದ್ರ ಸರ್ಕಾರದ ಅರಣ್ಯ ಇಲಾಖೆಯದು, ದಿನಕ್ಕೆ 5 ಡಾಲರ್, ವರ್ಷಕ್ಕೆ 30. ಪಕ್ಕದಲ್ಲೇ ಡಿಸ್ಕವರ್ ಪಾಸ್, ಅದು ರಾಜ್ಯದ ಉದ್ಯಾನಗಳಿಗೆ, 2011ರಿಂದ ಬಂದದ್ದು. ರೇನಿಯರ್ ಪರ್ವತದಂಥ ರಾಷ್ಟ್ರೀಯ ಉದ್ಯಾನಗಳಿಗೂ ಹೋಗುವವರಾದರೆ 80 ಡಾಲರಿನ ‘ಅಮೆರಿಕ ದ ಬ್ಯೂಟಿಫುಲ್’. ಇಷ್ಟೂ ಇಟ್ಟುಕೊಂಡು ಡಿಸೆಂಬರಿನಲ್ಲಿ ಸ್ನೋಕ್ವಾಲ್ಮಿ ಘಟ್ಟ ಹತ್ತಿ ಗೋಲ್ಡ್ ಕ್ರೀಕ್‌ನಲ್ಲಿ ಗಾಡಿ ನಿಲ್ಲಿಸಿ ನೋಡಿ, ಒಂದೂ ನಡೆಯುವುದಿಲ್ಲ. ಅಲ್ಲಿಗೆ ಹಿಮ ತೆಗೆದ ಜಾಗದಲ್ಲಿ ಗಾಡಿ ನಿಲ್ಲಿಸಲು ರಾಜ್ಯ ಸರ್ಕಾರ ಕೊಡುವ ಸ್ನೋ-ಪಾರ್ಕ್ ಪರ್ಮಿಟ್ಟೇ ಆಗಬೇಕು. ಈಚಿನ ವರ್ಷಗಳಲ್ಲಿ ಅದಕ್ಕೆ ದಿನಕ್ಕೆ 25 ಡಾಲರ್, ಇಡೀ ಚಳಿಗಾಲಕ್ಕೆ 50. ಯಂತ್ರದಿಂದ ಹದ ಮಾಡಿದ ಸ್ಕೀ ದಾರಿಗಳಿರುವ ಹಯಾಕ್‌ಗೆ ಹೋಗಬೇಕೆಂದರೆ ಆ ಚಳಿಗಾಲದ ಪರ್ಮಿಟ್ಟಿನ ಮೇಲೆ ಇನ್ನೊಂದು ಸ್ಟಿಕರ್.

ಶಿವಮೊಗ್ಗದಿಂದ ಬಂದಿದ್ದ ನನ್ನ ಸೋದರಮಾವ ಫೋನಿನಲ್ಲಿ ನಾನು ಪರ್ಮಿಟ್ ಕೊಳ್ಳುವುದನ್ನು ನೋಡುತ್ತ ಕೂತಿದ್ದರು. “ಬೇಸಿಗೇಲಿ ಕೊಟ್ಟಿದ್ಯಲ್ಲೋ ದುಡ್ಡು, ಇದೇ ಜಾಗಕ್ಕೆ?” ಅಂದರು. ಕೊಟ್ಟಿದ್ದೆ ಮಾವ, ಅಂದೆ. “ಹಿಮ ಬಿದ್ದ್‌ಕೂಡ್ಲೆ ಕಾಡು ಬೇರೆ ಆಗೋಯ್ತಾ ಹಾಗಾದ್ರೆ?”

ತಮಾಷೆಗೆ ಕೇಳಿದ್ದೇ. ಆದರೆ ಅದರ ಉತ್ತರದ ಜಾಡು ಹಿಡಿದು ಹೋದರೆ ನಾವು ಯಾತಕ್ಕೆ ದುಡ್ಡು ಕೊಡುತ್ತಿದ್ದೇವೆ ಎನ್ನುವುದೇ ಮಸುಕಾಗುತ್ತದೆ.

ಅಮೆರಿಕದ ಅರಣ್ಯ ಇಲಾಖೆ 1905ರದು, ಅದರ ಕೈಯಲ್ಲಿರುವ ಭೂಮಿ ಸುಮಾರು 19.3 ಕೋಟಿ ಎಕರೆ. ಅಲ್ಲಿ ಗಾಡಿ ನಿಲ್ಲಿಸಿ ನಡೆದುಕೊಂಡು ಹೋಗುವವನನ್ನು ಬಹುಕಾಲ ಯಾರೂ ದುಡ್ಡು ಕೇಳುತ್ತಿರಲಿಲ್ಲ. 1996ರಲ್ಲಿ ಅಲ್ಲಿನ ಸಂಸತ್ತು ಪ್ರಯೋಗಕ್ಕೆಂದು ಶುಲ್ಕಕ್ಕೆ ಒಪ್ಪಿಗೆ ಕೊಟ್ಟಿತು. ಜನ ಗೊಣಗಿದರು. 2004ರಲ್ಲಿ ಪ್ರಯೋಗದ ಜಾಗಕ್ಕೆ ಕಾನೂನು ಬಂದಾಗ ಅದಕ್ಕೆ ಮೂಗುದಾರವನ್ನೂ ಹಾಕಿದರು. ಬರೀ ಪಾರ್ಕಿಂಗಿಗೆಂದು ಶುಲ್ಕ ಎತ್ತುವಂತಿಲ್ಲ. ಏನನ್ನೂ ಬಳಸದೆ ಕಾಡೊಳಗೆ ನಡೆದು ಹೋಗುವವನಿಂದಲೂ ಎತ್ತುವಂತಿಲ್ಲ. ಶುಲ್ಕ ಬೇಕೆಂದರೆ ಆ ಜಾಗದಲ್ಲಿ ಅಚ್ಚುಕಟ್ಟಾದ ಪಾರ್ಕಿಂಗ್, ಕಾಯಂ ಶೌಚಾಲಯ, ಕಸದ ತೊಟ್ಟಿ, ಮಾಹಿತಿ ಫಲಕ, ಬುತ್ತಿ ಬಿಚ್ಚಿ ಕೂರಲು ಮೇಜು, ಕಾವಲಿನ ವ್ಯವಸ್ಥೆ, ಈ ಆರೂ ಇರಬೇಕು. ಬಂದ ಹಣದಲ್ಲಿ ಸಾಮಾನ್ಯವಾಗಿ ಶೇ 80ಕ್ಕೆ ಕಡಿಮೆಯಾಗದಂತೆ ಎತ್ತಿದ ಕಡೆಯಲ್ಲೇ ಉಳಿಯಬೇಕು. ಹತ್ತು ವರ್ಷಕ್ಕೆಂದು ಮಾಡಿದ ಕಾನೂನನ್ನು ಅವಧಿ ಮುಗಿದಾಗಲೆಲ್ಲ ಒಂದಿಷ್ಟು ವಿಸ್ತರಿಸುತ್ತ ಇಂದಿಗೂ ಎಳೆದುಕೊಂಡು ಬಂದಿದ್ದಾರೆ.

ಅರಿಜೋನಾದ ಮೌಂಟ್ ಲೆಮನ್‌ನಲ್ಲಿ ಅರಣ್ಯ ಇಲಾಖೆ ಇದನ್ನು ಮರೆತಂತೆ ನಡೆದುಕೊಂಡಿತು. ಬೆಟ್ಟದ ಮೇಲೆ ಎಲ್ಲಿ ಗಾಡಿ ನಿಲ್ಲಿಸಿದರೂ 5 ಡಾಲರ್ ಅಂತಾಯಿತು. ಕೆಲವು ಚಾರಣಿಗರು ಕೋರ್ಟಿಗೆ ಹೋದರು. 2012ರ ಫೆಬ್ರವರಿಯಲ್ಲಿ ಒಂಬತ್ತನೇ ಸರ್ಕೀಟಿನ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ರಾಷ್ಟ್ರೀಯ ಅರಣ್ಯದೊಳಗೆ ಕಾಲಿಡಲು ಯಾರೂ ಬಿಡಿಗಾಸು ಕೊಡಬೇಕಿಲ್ಲ, ಗಾಡಿ ನಿಲ್ಲಿಸಿ ಸುಮ್ಮನೆ ನಡೆದು ಹೋಗುವವರನ್ನು ಶುಲ್ಕ ಕೇಳುವಂತಿಲ್ಲ ಅನ್ನುವುದು ಆ ತೀರ್ಪಿನ ಸಾರ. ವಾಷಿಂಗ್ಟನ್ನೂ ಅದೇ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ. ಆದರೂ ಇಲ್ಲಿನ ದಾರಿಗಳ ಬುಡದಲ್ಲಿ ಪಾಸ್ ಬೇಕು ಎನ್ನುವ ಫಲಕ ಇದ್ದಲ್ಲೇ ಇದೆ, ಹೆಚ್ಚಿನವರು ನನ್ನ ಹಾಗೆ ಸುಮ್ಮನೆ ಕೊಟ್ಟುಬಿಡುತ್ತಾರೆ. ಕಕ್ಕಸಿಗೆ ಹೋಗಲಿಲ್ಲ, ಮೇಜು ಮುಟ್ಟಲಿಲ್ಲ ಅಂತ ಸಾಬೀತು ಮಾಡುತ್ತ ಕೂರುವವರು ಯಾರು?

ನಮ್ಮ ಕಡೆಯ ದೊಡ್ಡ ದೇವಸ್ಥಾನಗಳ ಲೆಕ್ಕವೂ ಹೀಗೇ: ಧರ್ಮದರ್ಶನಕ್ಕೆ ದುಡ್ಡಿಲ್ಲ, ಚಪ್ಪಲಿ ಕಾಯುವವನಿಗೆ ಇದೆ. ಒಳಗಿರುವವನಿಗೆ ಬೆಲೆ ಕಟ್ಟಲಾಗದು, ಹೊರಗೆ ಬಿಟ್ಟು ಬಂದದ್ದಕ್ಕೆ ಕಟ್ಟಬಹುದು. ಈ ಏರ್ಪಾಟು ನನಗೆ ಎಂದೂ ತಪ್ಪೆನಿಸಿಲ್ಲ.

ಬೇಸಿಗೆಯಲ್ಲಿ ಈ ಲೆಕ್ಕ ಹೇಗೋ ನಡೆಯುತ್ತದೆ. ಎಷ್ಟೋ ದಾರಿಗಳ ಬುಡದಲ್ಲಿ ಕಬ್ಬಿಣದ ಕೊಳವೆ ನೆಟ್ಟಿರುತ್ತಾರೆ, ಜನ ಅದನ್ನು ‘ಐರನ್ ರೇಂಜರ್’ ಎಂದೇ ಕರೆಯುತ್ತಾರೆ. ಲಕೋಟೆಯ ಮೇಲೆ ಗಾಡಿ ನಂಬರು, ತಾರೀಖು ಬರೆದು, ನೋಟು ಒಳಗಿಟ್ಟು ಕೊಳವೆಗೆ ತಳ್ಳಿ, ಹರಿದ ಚೀಟಿಯನ್ನು ಗಾಜಿನ ಹಿಂದೆ ಇಟ್ಟರೆ ಆಯಿತು. ನಂಬಿಕೆಯ ವ್ಯವಹಾರ. ಎದುರಿಗೆ ಕಕ್ಕಸಿದೆ, ತೊಟ್ಟಿಯಿದೆ, ಕೊಟ್ಟದ್ದು ಯಾತಕ್ಕೆ ಅಂತ ಕಣ್ಣಿಗೆ ಕಾಣುತ್ತದೆ. 2025ರ ಆರಂಭದಲ್ಲಿ ಅರಣ್ಯ ಇಲಾಖೆಯ ಸಾವಿರಾರು ನೌಕರರನ್ನು ಒಮ್ಮೆಲೇ ಮನೆಗೆ ಕಳಿಸಿದ ಮೇಲೆ ಆ ಕಕ್ಕಸು ತೊಳೆಯುವವರು ಯಾರು ಅನ್ನುವುದೇ ದೊಡ್ಡ ಚಿಂತೆಯಾಯಿತು, ಅದು ಬೇರೆ ಮಾತು.

ಹಿಮ ಬಿದ್ದಾಗ ಆ ಆರು ಸೌಕರ್ಯಗಳಲ್ಲಿ ಹೆಚ್ಚಿನವು ಮಾಯ. ಶೌಚಾಲಯಕ್ಕೆ ಬೀಗ, ಮೇಜು ಬರೀ ಬಿಳಿ ದಿಬ್ಬ, ಫಲಕದ ತಲೆಯಷ್ಟೇ ಹೊರಗೆ. ಕಾನೂನು ಯಾವುದಕ್ಕೆ ದುಡ್ಡು ಕೇಳಬಹುದು ಎನ್ನುತ್ತದೋ ಅದರಲ್ಲಿ ಹೆಚ್ಚಿನದು ಹಿಮದಡಿ ಹೋಗಿರುತ್ತದೆ. ಮೇಲೆ ಉಳಿಯುವುದು ಒಂದೇ, ಗಾಡಿ ನಿಲ್ಲಿಸುವ ಜಾಗ. ಸ್ನೋ-ಪಾರ್ಕ್ ಪರ್ಮಿಟ್ಟಿನ ದುಡ್ಡು ಇರುವುದೂ ನೇರವಾಗಿ ಅದಕ್ಕೇ. ಕೇಂದ್ರದ ಕಾನೂನು ಯಾವುದನ್ನು ಮಾಡಬೇಡ ಎಂದಿತೋ ಅದನ್ನೇ, ಎಷ್ಟೋ ಕಡೆ ಅದೇ ಕೇಂದ್ರದ ಕಾಡಿನ ನೆಲದ ಮೇಲೆ, ರಾಜ್ಯ ಸರ್ಕಾರ ರಾಜಾರೋಷವಾಗಿ ಮಾಡುತ್ತಿದೆ. ರಾಜ್ಯದ ಯೋಜನೆಯಾದ್ದರಿಂದ ಆ ಮೂಗುದಾರ ಇದಕ್ಕೆ ತಗಲುವುದಿಲ್ಲ.

ನನಗಂತೂ ಈ ಚಳಿಗಾಲದ ಶುಲ್ಕವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಸ್ನೋಕ್ವಾಲ್ಮಿ ಇರುವುದು ಬರೀ 3,000 ಅಡಿ ಎತ್ತರದಲ್ಲಿ, ಆದರೆ ಅಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮ ಸುಮಾರು 400 ಇಂಚು. ಜನವರಿಯ ಬೆಳಿಗ್ಗೆ ಗೋಲ್ಡ್ ಕ್ರೀಕ್ ತಲುಪಿದರೆ ಎರಡೂ ಕಡೆ ಕಾರಿನ ಛಾವಣಿಗಿಂತ ಎತ್ತರದ ಹಿಮದ ಗೋಡೆ. ಗೋಡೆಯ ಮೈಮೇಲೆ ಹಿಮ ತಳ್ಳುವ ಪ್ಲೋ ಕೆರೆದ ಅಡ್ಡ ಗೆರೆಗಳು ಒಂದರ ಮೇಲೊಂದು, ಪ್ರತಿ ಗೆರೆಯೂ ಒಂದು ಬಿರುಗಾಳಿಯದು. ಕೆಳಗಿನದು ಬೂದು ಬಣ್ಣಕ್ಕೆ ತಿರುಗಿ ಕಲ್ಲಾಗಿದೆ, ಮೇಲಿನದು ಇನ್ನೂ ಪುಡಿಪುಡಿ. ನಾನು ಕೊಡುವ ದುಡ್ಡು ಆ ಗೆರೆಗಳಿಗೆ. ಯಾರೋ ಒಬ್ಬರು ಬೆಳಕು ಹರಿಯುವ ಮೊದಲೇ ಬಂದು ನನ್ನ ಕಾರಿನಷ್ಟು ಅಗಲದ ನೆಲವನ್ನು ಬಗೆದು ಕೊಟ್ಟು ಹೋಗಿದ್ದಾರೆ. ಬೇಸಿಗೆಯಲ್ಲಿ ನೆಲ ತಾನಾಗಿ ಸಿಗುತ್ತದೆ, ಆದ್ದರಿಂದ ಕೇಳಿದ ದುಡ್ಡು ಕಾಡಿಗೆ ಕೇಳಿದಂತೆ ತೋರಿ ರೇಗುತ್ತದೆ. ಚಳಿಗಾಲದಲ್ಲಿ ಬಾಗಿಲು ತೆಗೆದಿರುವುದೇ ಒಬ್ಬರ ದುಡಿಮೆಯಿಂದ.

ಹಾಗೆಂದು ಸಮಾಧಾನದಿಂದ ಇರಲೂ ಆಗುವುದಿಲ್ಲ. ಕಾಡಿಗೆ ಪ್ರವೇಶ ಉಚಿತ ಅಂತ ನ್ಯಾಯಾಲಯ ಹೇಳಿದ್ದು ಕಾಡಿನ ಅಂಚಿಗೆ ಬಂದು ನಿಂತವನಿಗೆ. ಸಿಯಾಟಲಿನಿಂದ ಆ ಅಂಚಿಗೆ ಸುಮಾರು 80 ಕಿಲೋಮೀಟರು. 2017ರಲ್ಲಿ ಶುರುವಾದ ‘ಟ್ರೇಲ್‌ಹೆಡ್ ಡೈರೆಕ್ಟ್’ ಎಂಬ ಬಸ್ಸು ಹತ್ತಿರದ ಕೆಲವು ಬೆಟ್ಟಗಳ ಬುಡಕ್ಕೆ ವಾರಾಂತ್ಯದಲ್ಲಿ ಬಿಡುತ್ತದೆ, ಅದೂ ಬೇಸಿಗೆಯ ಆಸುಪಾಸಿನಲ್ಲಿ ಮಾತ್ರ. ಚಳಿಗಾಲಕ್ಕೆ ಕಾರೇ ಗತಿ. ಕಾರಷ್ಟೇ ಸಾಲದು, ಹಿಮಕ್ಕೆ ತಕ್ಕ ಟೈರು, ಡಿಕ್ಕಿಯಲ್ಲಿ ಸರಪಳಿ, ಬೂಟು, ಹಿಮದ ಮೇಲೆ ನಡೆಯುವ ಮೆಟ್ಟು. ಸಾಫ್ಟ್‌ವೇರ್ ಸಂಬಳದವನಿಗೆ 50 ಡಾಲರ್ ಒಂದು ರಾತ್ರಿಯ ಹೋಟೆಲ್ ಊಟ. ನಮ್ಮ ಕಚೇರಿಯ ಮಹಡಿ ಗುಡಿಸುವ ಹೆಂಗಸಿನ ಮನೆಮಂದಿ ಮಕ್ಕಳಿಗೆ ಹಿಮ ತೋರಿಸಲು ಒಂದು ಭಾನುವಾರ ಹೊರಟರೆ, ದಾರಿಯ ಖರ್ಚೆಲ್ಲ ಆದ ಮೇಲೆ, ಗಾಡಿ ನಿಲ್ಲಿಸಿದ್ದಕ್ಕೆ ಬೇಸಿಗೆಯ ಐದು ಪಟ್ಟು. ರಾಜ್ಯದ ಗ್ರಂಥಾಲಯಗಳು ಡಿಸ್ಕವರ್ ಪಾಸನ್ನು ಬ್ಯಾಕ್‌ಪ್ಯಾಕಿನಲ್ಲಿಟ್ಟು ಪುಸ್ತಕದಂತೆ ಎರವಲು ಕೊಡುತ್ತವೆ, ನನಗೆ ತುಂಬ ಹಿಡಿಸಿದ ಏರ್ಪಾಟು ಅದು. ಆದರೆ ಸ್ನೋ-ಪಾರ್ಕಿಗೆ ಆ ಪಾಸ್ ಸಾಲುವುದಿಲ್ಲ.

ಊರಲ್ಲಿ ಈ ಲೆಕ್ಕ ಬೇರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಮೇಲೆ ಜನ ಇರುವೆಸಾಲಿನಂತೆ ನಿಂತ ಚಿತ್ರ ಎಲ್ಲರ ಫೋನಿಗೂ ಬಂದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಕರ್ನಾಟಕ ಸರ್ಕಾರ ನಿಲ್ಲಿಸಿತು. ಅಲ್ಲಿ ಶುಲ್ಕ ತಲೆಗೆ, ಇಲ್ಲಿ ಗಾಡಿಗೆ. ಸುಬ್ರಹ್ಮಣ್ಯದವರೆಗೆ ಸರ್ಕಾರಿ ಬಸ್ಸು ಹೋಗುವ ನಾಡಿನಲ್ಲಿ ಎಣಿಸಬೇಕಾದದ್ದು ಜನರನ್ನು. ಇಲ್ಲಿ ಐದು ಜನ ಬಂದರೂ ಒಬ್ಬನೇ ಬಂದರೂ ಅಷ್ಟೇ ದುಡ್ಡು, ಏಕೆಂದರೆ ಕಾರಿಲ್ಲದೆ ಬರುವವನೊಬ್ಬ ಇರಬಹುದು ಎಂದು ಈ ವ್ಯವಸ್ಥೆ ಯೋಚಿಸಿಯೇ ಇಲ್ಲ. ಪರ್ಮಿಟ್ಟಿನ ಬಗ್ಗೆ ಗೊಣಗುವ ನಾವೆಲ್ಲ ಅದಕ್ಕಿಂತ ದೊಡ್ಡ ಟಿಕೇಟನ್ನು ಆಗಲೇ ಕೊಂಡು ಅದರೊಳಗೇ ಕೂತು ಬಂದಿರುತ್ತೇವೆ.

ನನ್ನನ್ನು ಕೇಳಿದರೆ ಪರ್ಮಿಟ್ಟಿನ ದರ ಇನ್ನೂ ಸ್ವಲ್ಪ ಏರಿಸಿ, ಆ ಹಣದಲ್ಲಿ ಶನಿವಾರ, ಭಾನುವಾರ ಘಟ್ಟಕ್ಕೆ ಒಂದೆರಡು ಬಸ್ಸು ಓಡಿಸಲಿ. ಸ್ಕೀ ಹುಚ್ಚಿನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ನಾವು ಕೊಟ್ಟದ್ದು ಹಿಮ ತೆಗೆಯಲು, ಜನರನ್ನು ಕರೆತರಲು ಅಲ್ಲ, ಈಗಲೇ ಬೆಳಗಾಗುತ್ತಲೇ ಜಾಗ ತುಂಬಿ ಹೆದ್ದಾರಿಯ ಬದಿಯಲ್ಲಿ ಕಾರುಗಳ ಸಾಲು ಹತ್ತುತ್ತದೆ ಅನ್ನುತ್ತಾನೆ. ಅವನ ಎರಡನೇ ಮಾತು ನನ್ನ ಪರವೇ ವಾದಿಸುತ್ತದೆ. ಒಂದು ಬಸ್ಸು ನಿಲ್ಲಲು ಬೇಕಾದದ್ದು ಮೂರೋ ನಾಲ್ಕೋ ಕಾರಿನ ಜಾಗ, ಇಳಿಯುವವರು ನಲವತ್ತು ಜನ. ಪ್ಲೋ ತಳ್ಳಬೇಕಾದ ಹಿಮವೂ ಅಷ್ಟು ಕಡಿಮೆ.