ಹಾಲಿನ ಲೆಕ್ಕ, ಪುಸ್ತಕದ ಲೆಕ್ಕ

ಮಕ್ಕಳನ್ನು ಅಂಗಡಿಗೆ ಕಳಿಸಿ, ಅಡುಗೆಮನೆಯಲ್ಲಿ ಜೊತೆಗಿಟ್ಟುಕೊಳ್ಳಿ, ಲೆಕ್ಕ ತಾನಾಗಿ ಬರುತ್ತದೆ ಎನ್ನುತ್ತೇವೆ. ಬರುವುದೇನೋ ನಿಜ. ಆದರೆ ಹಾಗೆ ಬಂದ ಲೆಕ್ಕ ಶಾಲೆಯ ನೋಟ್‌ಬುಕ್ಕಿಗೂ ತಾನಾಗಿಯೇ ಇಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಆ ಮಕ್ಕಳು ಪಠ್ಯಪುಸ್ತಕದ ರೀತಿಯ ಲೆಕ್ಕ ಕೊಟ್ಟಾಗ ತಡವರಿಸಿದರು. ವ್ಯಾಪಾರದ ಅಭ್ಯಾಸವಿಲ್ಲದೆ ಶಾಲೆಗಷ್ಟೇ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕಕ್ಕೆ ತಡವರಿಸಿದರು. ಬ್ರೆಜಿಲ್‌ನ ರೆಸಿಫೆಯಲ್ಲಿ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೆಂಗಿನಕಾಯಿ ಮಾರುವ 12 ವರ್ಷದ ಹುಡುಗನೊಬ್ಬ ಬರುತ್ತಾನೆ. ಕಾಯಿಗೆ 35, ಹತ್ತಕ್ಕೆಷ್ಟು ಎಂದು ಕೇಳಿದರೆ ಅವನು ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರಕ್ಕೆ 315 ಎನ್ನುತ್ತಾ 350ಕ್ಕೆ ಬಂದು ನಿಂತ. ಹತ್ತರಿಂದ ಗುಣಿಸಲು ಕೊನೆಗೊಂದು ಸೊನ್ನೆ ಸಾಕು ಎಂಬ ಶಾಲೆಯ ದಾರಿಯನ್ನು ಹಿಡಿಯಲೇ ಇಲ್ಲ. ಅವನ ಯೋಚನೆಯಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ. ಈ ದಾರಿ, ಆ ದಾರಿ ಎರಡೂ ಒಂದೇ ಊರಿಗೆ ಹೋಗುತ್ತವೆಂದು ಅವನಿಗೆ ಯಾರಾದರೂ ತೋರಿಸಬೇಕಿತ್ತು, ಅಷ್ಟೇ.

ಇದನ್ನು ತೋರಿಸಲು ಮನೆಗಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಈಗಲೂ ಹಾಲಿನ ಲೆಕ್ಕ ಬರೆಯುವುದು ಗೋಡೆಯ ಕ್ಯಾಲೆಂಡರಿನಲ್ಲೇ. ದಿನಕ್ಕೆ ಅರ್ಧ ಲೀಟರ್, ನೆಂಟರು ಬಂದ ಎರಡು ದಿನ ಒಂದೊಂದು ಲೀಟರ್, ಊರಿಗೆ ಹೋದ ಮೂರು ದಿನ ಅಡ್ಡಗೆರೆ. ತಿಂಗಳ ಕೊನೆಗೆ ಅದನ್ನು ನಾಲ್ಕನೇ ತರಗತಿಯ ಮಗುವಿನ ಕೈಗೆ ಕೊಟ್ಟು ನೋಡಿ. ಮೂವತ್ತರಲ್ಲಿ ಮೂರು ಕಳೆದು, ಎರಡು ಬೇರೆಯಿಟ್ಟು, ಉಳಿದ 25 ಅರ್ಧಗಳನ್ನು ಎರಡೆರಡಾಗಿ ಜೋಡಿಸುತ್ತಾ ಹನ್ನೆರಡೂವರೆಗೆ ಬರುತ್ತದೆ. ನೆಂಟರ ಎರಡು ಲೀಟರ್ ಸೇರಿದರೆ ಹದಿನಾಲ್ಕೂವರೆ. ಸರಿಯಾಗಿ ಹೇಳಿತೆಂದು ಅಲ್ಲಿಗೇ ಬಿಡಬೇಡಿ. ‘ಹೇಗೆ ಗೊತ್ತಾಯ್ತು, ಪುಟ್ಟಾ?’ ಎಂದು ಕೇಳಿ. ಅದು ಬಾಯಲ್ಲಿ ಹೇಳಿದ್ದನ್ನೇ ಹಾಳೆಯಲ್ಲಿ 25 × ½ ಎಂದು ಬರೆಸಿ. ಮುಂದೆ ಪುಸ್ತಕದ ಭಿನ್ನರಾಶಿ ಪಾಠದಲ್ಲಿ ಬರುವುದೂ ಇಂಥದೇ ಸಾಲು. ತಪ್ಪಾದಾಗ ಮಾತ್ರ ‘ಹೇಗೆ’ ಎಂದು ಕೇಳುವ ಅಭ್ಯಾಸ ನಮ್ಮದು. ಹಾಗಾಗಿ ಆ ಪ್ರಶ್ನೆ ಕೇಳಿದರೇ ಮಕ್ಕಳು ಬೆದರುತ್ತಾರೆ. ಸರಿಯಾದಾಗಲೂ ಕೇಳಬೇಕು.

ಅಕ್ಷರದ ಮಾತೂ ಹೀಗೇ. ಎರಡನೇ ತರಗತಿಯ ಮಕ್ಕಳಿಗೆ ಒತ್ತಕ್ಷರ ಕಷ್ಟ. ನಮ್ಮ ದಿನಸಿ ಚೀಟಿಯ ತುಂಬ ಇರುವುದು ಅವೇ: ಅಕ್ಕಿ, ಉಪ್ಪು, ಎಣ್ಣೆ, ಬೆಲ್ಲ, ಸಕ್ಕರೆ, ಬೆಳ್ಳುಳ್ಳಿ. ಚೀಟಿಯನ್ನು ಮಗುವೇ ಬರೆಯಲಿ. ‘ಉಪು’ ಎಂದು ಬರೆದರೆ ಗದರದೆ, ಉಪ್ಪಿನ ಪೊಟ್ಟಣವನ್ನು ಪಕ್ಕದಲ್ಲಿಡಿ. ನೋಡಿ ತಾನೇ ತಿದ್ದಿಕೊಳ್ಳುತ್ತದೆ. ಅಂಗಡಿಯವರು ಆ ಚೀಟಿ ಓದಿ ಸಾಮಾನು ಕಟ್ಟಿಕೊಟ್ಟಾಗ, ತಾನು ಬರೆದದ್ದು ಇನ್ನೊಬ್ಬರಿಗೆ ತಿಳಿಯಿತೆಂಬ ಹಿಗ್ಗು ಮಗುವಿಗೆ. ಕಾಪಿ ಬರೆಸಿದರೆ ಈ ಹಿಗ್ಗು ಸಿಗದು.

ದೋಸೆ ತಿನ್ನುವಾಗಲೂ ಪ್ರಶ್ನೆ, ಬಸ್ಸಿನಲ್ಲೂ ಪ್ರಶ್ನೆ ಎಂದು ಮನೆಯನ್ನೇ ಟ್ಯೂಷನ್ ಮಾಡುವುದು ಬೇಡ. ಒಂದು ಲೆಕ್ಕ, ಒಂದು ಚೀಟಿ, ಐದು ನಿಮಿಷ ಸಾಕು. ‘ನನಗೇ ಓದು ಬರಲ್ಲ, ಏನು ಹೇಳಿಕೊಡ್ಲಿ’ ಎಂದು ಹಿಂಜರಿಯುವ ತಾಯಂದಿರು ಬಹಳ ಮಂದಿ. ಆದರೆ ದೋಸೆಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿಯಾದರೆ ಹಬ್ಬಕ್ಕೆ ಎಷ್ಟು ನೆನೆಹಾಕಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಅಮ್ಮ ಹೇಳಲಿ, ಮಗು ಬರೆಯಲಿ. ಆ ಹಾಳೆಯನ್ನು ಮರುದಿನ ಶಾಲೆಯ ಮೇಷ್ಟ್ರಿಗೋ ಟೀಚರಿಗೋ ತೋರಿಸಿದರೆ, ಅನುಪಾತದ ಪಾಠವನ್ನು ಅವರು ಅಲ್ಲಿಂದಲೇ ಶುರುಮಾಡಬಹುದು.